ವಿಮಾನದಲ್ಲಿ ಇಳಿಸಿ ಹೋಗುವ ಟ್ರೆಕ್: ಬ್ರೂಕ್ಸ್ ಶ್ರೇಣಿಗೆ ಗೈಡ್ ಬೇಕೇ ಬೇಕಾ?

ಕಲ್ಲುಹಾದಿ
ಬರುವ ಬೇಸಿಗೆಗೆ ಅಲಾಸ್ಕಾದ ಬ್ರೂಕ್ಸ್ ಪರ್ವತ ಶ್ರೇಣಿಯಲ್ಲಿರುವ ಗೇಟ್ಸ್ ಆಫ್ ದಿ ಆರ್ಕ್ಟಿಕ್ ನ್ಯಾಷನಲ್ ಪಾರ್ಕ್‌ಗೆ ಹೋಗುವ ಯೋಚನೆ ಇದೆ. ನಾವು ನಾಲ್ಕು ಜನ. ಫೇರ್‌ಬ್ಯಾಂಕ್ಸ್‌ನಿಂದ ಸಣ್ಣ ವಿಮಾನದಲ್ಲಿ ಬೆಟಲ್ಸ್ ಅನ್ನುವ ಹಳ್ಳಿ. ಅಲ್ಲಿಂದ ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಆರಿಗೆಚ್ ಶಿಖರಗಳ ಹತ್ತಿರದ ಒಂದು ಕೆರೆ. ಅಲ್ಲಿ ಇಳಿಸಿ ಹೋಗುತ್ತಾರೆ, ಹತ್ತು ದಿನ ಆದ ಮೇಲೆ ಬಂದು ಕರೆದುಕೊಂಡು ಹೋಗುತ್ತಾರೆ.

ಗೈಡ್ ಇರುವ ಪ್ಯಾಕೇಜ್ ವಿಚಾರಿಸಿದೆವು. ತಲೆಗೆ ಆರು ಸಾವಿರ ಡಾಲರ್ ಮೇಲೆ ಹೇಳಿದರು. ಟೆಂಟ್, ಊಟ, ಬೆಟಲ್ಸ್‌ನಿಂದ ಆಚೆಯ ವಿಮಾನ ಎಲ್ಲಾ ಅದರಲ್ಲೇ ಸೇರಿದೆ. ಬೆಟಲ್ಸ್ ತನಕ ನಮ್ಮ ಖರ್ಚು. ನಮ್ಮಲ್ಲಿ ಇಬ್ಬರು ಕ್ಯಾಲಿಫೋರ್ನಿಯಾದ ಜಾನ್ ಮ್ಯೂರ್ ಟ್ರೇಲ್ (ಉದ್ದದ ಕಾಲುದಾರಿ) ಪೂರ್ತಿ ಮುಗಿಸಿದವರು. ಮ್ಯಾಪ್ ಓದಲು ಬರುತ್ತದೆ. ಹಾಗಿರುವಾಗ ವಿಮಾನ ಮಾತ್ರ ಗೊತ್ತು ಮಾಡಿಕೊಂಡರೆ ಸಾಲದಾ? ನನ್ನ ಹೆಂಡತಿ ಗೈಡ್ ಇಲ್ಲದಿದ್ದರೆ ಬರುವುದೇ ಇಲ್ಲ ಅನ್ನುತ್ತಾಳೆ. ಭಾವಮೈದ ದುಡ್ಡು ದಂಡ ಅನ್ನುತ್ತಾನೆ. ನಡುವೆ ಸಿಕ್ಕಿಕೊಂಡಿರುವವನು ನಾನು. ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಸುಮ್ನೆ_ಓದುಗ
ಆರು ಸಾವಿರ ಕೊಟ್ಟು ಸೊಳ್ಳೆ ಕಚ್ಚಿಸಿಕೊಳ್ಳೋದಾ ಗುರು!

ಹಳೇಬೂಟು
ಹೋಗಿ ಬಂದಿದ್ದೇನೆ, ಗೈಡ್ ಜೊತೆಗೂ, ಗೈಡ್ ಇಲ್ಲದೆಯೂ. ಮೊದಲು ಒಂದು ಮಾತು. ಜಾನ್ ಮ್ಯೂರ್ ಟ್ರೇಲ್ ಅನ್ನೋದು ಹೆಸರೇ ಹೇಳುವಂತೆ ಟ್ರೇಲ್. ಈ ಪಾರ್ಕ್‌ನಲ್ಲಿ ಪಾರ್ಕ್‌ನವರು ಮಾಡಿಟ್ಟ ಒಂದೇ ಒಂದು ಕಾಲುದಾರಿ ಇಲ್ಲ. ರಸ್ತೆ ಇಲ್ಲ, ಬೋರ್ಡ್ ಇಲ್ಲ, ಕ್ಯಾಂಪ್‌ಸೈಟ್ ಇಲ್ಲ. 84 ಲಕ್ಷ ಎಕರೆ ಜಾಗ, ಪೂರ್ತಿ ಆರ್ಕ್ಟಿಕ್ ವೃತ್ತದ ಉತ್ತರಕ್ಕೆ. 1980ರಲ್ಲಿ ಪಾರ್ಕ್ ಮಾಡಿದಾಗಲೇ ಹೀಗೇ ಇರಲಿ ಅಂತ ಬಿಟ್ಟಿದ್ದಾರೆ.

ಮ್ಯಾಪ್‌ನಲ್ಲಿ ಆರು ಮೈಲಿ ಅಂತ ಕಂಡರೆ ಅದು ಬೆಳಗಿನಿಂದ ಸಂಜೆ ತನಕದ ಕೆಲಸ. ಕಾರಣ ಟಸಕ್. ಒಂದು ಜಾತಿಯ ಹುಲ್ಲು ಗುಪ್ಪೆ ಗುಪ್ಪೆಯಾಗಿ ಬೆಳೆದಿರುತ್ತದೆ. ತಲೆ ಅಗಲ, ಬುಡ ಸಣ್ಣ. ಮೇಲೆ ಕಾಲಿಟ್ಟರೆ ಗುಪ್ಪೆ ಪಕ್ಕಕ್ಕೆ ವಾಲಿ ಪಾದ ಜಾರುತ್ತದೆ. ಬೇಡ ಅಂತ ನಡುವೆ ಕಾಲಿಟ್ಟರೆ ಅಲ್ಲಿ ತಣ್ಣನೆಯ ನೀರು, ಎಷ್ಟು ಆಳ ಅಂತ ಇಟ್ಟ ಮೇಲೇ ಗೊತ್ತಾಗೋದು. ಬೆನ್ನ ಮೇಲೆ ಐವತ್ತು ಪೌಂಡ್ ಇಟ್ಟುಕೊಂಡು ಇದನ್ನೇ ದಿನವಿಡೀ ಮಾಡಬೇಕು. ಅದು ಮುಗಿದರೆ ಎದೆಯೆತ್ತರದ ವಿಲ್ಲೋ, ಆಲ್ಡರ್ ಪೊದೆ. ಗಂಟೆಗೆ ಒಂದು ಮೈಲಿ ಹೋದರೆ ಚೆನ್ನಾಗಿ ಹೋದಿರಿ ಅಂತ ಅರ್ಥ.

ಗೈಡ್‌ಗೆ ಕೊಡುವ ದುಡ್ಡಿನಲ್ಲಿ ಅರ್ಧ ಇದಕ್ಕೇ. ಯಾವ ದಿಣ್ಣೆಯ ಮೇಲೆ ಒಣನೆಲ ಇದೆ, ಯಾವ ತೊರೆಯ ಜಲ್ಲಿ ದಂಡೆ ಹಿಡಿದರೆ ಬೇಗ ಹೋಗಬಹುದು, ಎಲ್ಲಿ ಕ್ಯಾರಿಬೂ (ಅಲ್ಲಿನ ಕಾಡುಜಿಂಕೆ) ಓಡಾಡಿ ದಾರಿ ಬಿದ್ದಿದೆ, ಇದು ಮ್ಯಾಪ್‌ನಲ್ಲಿ ಇರುವುದಿಲ್ಲ.

ಭಾರ_ಕಮ್ಮಿ
ಸರ್, ಕ್ಷಮಿಸಿ, ಒಪ್ಪುವುದಿಲ್ಲ. ಸ್ಯಾಟಲೈಟ್ ಚಿತ್ರ ನೋಡಿ ಮನೆಯಲ್ಲೇ ಕೂತು ದಾರಿ ಗುರುತು ಮಾಡಿಕೊಳ್ಳಬಹುದು. ನಾವು ಮಾಡಿದ್ದೇವೆ. ಟಸಕ್ ಇರುವ ಜಾಗ, ಪೊದೆ ಇರುವ ಜಾಗ ಬಣ್ಣದಲ್ಲೇ ಗೊತ್ತಾಗುತ್ತದೆ. ದುಡ್ಡು ಕಿತ್ತುಕೊಳ್ಳುವುದು ವಿಮಾನ, ಗೈಡ್ ಅಲ್ಲ. ಸೀಟಿಗಿಷ್ಟು ಅಂತ ಅಲ್ಲ, ಇಡೀ ವಿಮಾನಕ್ಕೆ ಇಷ್ಟು ಅಂತ ಹೇಳುತ್ತಾರೆ. ಇಬ್ಬರು ಹೋದರೂ ಅಷ್ಟೇ, ನಾಲ್ಕು ಜನ ಹೋದರೂ ಅಷ್ಟೇ. ಹಾಗಾಗಿ ನಾಲ್ಕು ಜನ ಇದ್ದರೆ ಗೈಡ್ ಇಲ್ಲದೆ ಹೋದಾಗಲೇ ಉಳಿತಾಯ ಜಾಸ್ತಿ.

ಹಳೇಬೂಟು
@ಭಾರ_ಕಮ್ಮಿ ಬಣ್ಣದಲ್ಲಿ ಪೊದೆ ಕಾಣುತ್ತದೆ, ಒಪ್ಪಿದೆ. ಅದರ ಎತ್ತರ ಕಾಣುತ್ತದಾ?

ಭಾರ_ಕಮ್ಮಿ
ಇಲ್ಲ 😄

ತಕ್ಕಡಿ
ಅದು ಎಂಥ ವಿಮಾನ ಅಂತ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಬೆಟಲ್ಸ್ ಕಡೆ ಸಾಮಾನ್ಯವಾಗಿ ಸಿಗುವುದು ಡಿ ಹ್ಯಾವಿಲೆಂಡ್ ಬೀವರ್. 1947ರಲ್ಲಿ ಮೊದಲು ಹಾರಿದ ಮಾದರಿ. ಒಂದೇ ಎಂಜಿನ್, ಒಂಬತ್ತು ಸಿಲಿಂಡರ್, 450 ಕುದುರೆ ಶಕ್ತಿ. ಹೊಸದು ತಯಾರಾಗುವುದು ನಿಂತು ಎಷ್ಟೋ ಕಾಲವಾಯಿತು, ಹಳೆಯದನ್ನೇ ಬಿಚ್ಚಿ ಜೋಡಿಸಿ ಓಡಿಸುತ್ತಿದ್ದಾರೆ. ಹೆದರಬೇಡಿ, ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಬಂದಿಲ್ಲ ಅಂತ ಪೈಲಟ್‌ಗಳೇ ಹೇಳುತ್ತಾರೆ.

ಹೊರಡುವ ಮುಂಚೆ ಪೈಲಟ್ ಫ್ಲೋಟ್ (ಚಕ್ರದ ಬದಲಿಗೆ ಇರುವ, ನೀರಿನ ಮೇಲೆ ತೇಲುವ ದೋಣಿಯಂಥ ಭಾಗ) ಮೇಲೆ ನಿಂತು ಕೈಪಂಪಿನಿಂದ ಒಳಗೆ ಸೋರಿದ ನೀರನ್ನು ಖಾಲಿ ಮಾಡುತ್ತಾನೆ. ಒಂದೊಂದು ರಂಧ್ರದ ರಬ್ಬರ್ ಮುಚ್ಚಳ ತೆಗೆಯುವುದು, ನಾಲ್ಕು ಸಲ ಪಂಪ್ ಹೊಡೆಯುವುದು, ಮುಚ್ಚುವುದು, ಮುಂದಿನದಕ್ಕೆ ಹೋಗುವುದು. ಮೊದಲ ಸಲ ನೋಡಿದಾಗ ನನ್ನ ಜೊತೆಗಿದ್ದವರ ಮುಖ ಬಿಳಿಚಿತ್ತು. ದೋಣಿಯಲ್ಲಿ ನೀರು ಸೋರುವುದು ಎಷ್ಟು ಮಾಮೂಲೋ ಇದೂ ಅಷ್ಟೇ.

ತೂಕದ ವಿಷಯದಲ್ಲಿ ಮಾತ್ರ ಸುಳ್ಳು ಹೇಳಬೇಡಿ. ಬ್ಯಾಗಿನ ಜೊತೆಗೆ ನಿಮ್ಮನ್ನೂ ತೂಗುತ್ತಾರೆ. ಬ್ಯಾಗ್ ಮೆತ್ತಗಿರಲಿ, ಮೂಲೆಯಲ್ಲಿ ತುರುಕಲು ಬರುವಂಥದ್ದು. ಗಟ್ಟಿ ಸೂಟ್‌ಕೇಸ್ ತಂದರೆ ಅದು ಬೆಟಲ್ಸ್‌ನಲ್ಲೇ ಉಳಿಯುತ್ತದೆ.

ನದಿದಾಟು
ಕರಡಿ ಸ್ಪ್ರೇ (ಕರಡಿ ಮೇಲೆ ಬಂದರೆ ಹೊಡೆಯುವ ಮೆಣಸಿನ ಖಾರದ ಸ್ಪ್ರೇ), ಸ್ಟೋವ್ ಗ್ಯಾಸ್ ಎರಡೂ ದೊಡ್ಡ ವಿಮಾನಗಳಲ್ಲಿ ಒಯ್ಯಲು ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಫೇರ್‌ಬ್ಯಾಂಕ್ಸ್‌ನಲ್ಲಿ ಇಳಿದ ಮೇಲೆ ತೆಗೆದುಕೊಳ್ಳಬೇಕು. ಅಲ್ಲಿಂದ ಬೆಟಲ್ಸ್‌ಗೆ ಹೋಗುವ ಸಣ್ಣ ವಿಮಾನದವರನ್ನೂ ಮುಂಚೆಯೇ ಕೇಳಿಕೊಳ್ಳಿ. ಫ್ಲೋಟ್ ವಿಮಾನದಲ್ಲಿ ಸ್ಪ್ರೇಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳುವಂತಿಲ್ಲ. ಫ್ಲೋಟ್ ಒಳಗಿನ ಖಾನೆಯಲ್ಲಿ ಹಾಕುತ್ತಾರೆ. ಹಾರುವಾಗ ಒಳಗೆ ಒಡೆದರೆ ಪೈಲಟ್ ಕಣ್ಣು ಬಿಡೋಕಾಗುತ್ತಾ, ಅದಕ್ಕೆ.

ಉತ್ತರಮುಖಿ
ಕಲ್ಲುಹಾದಿ ಅವರೇ, ನಿಮ್ಮ ಮನೆಯವರ ಹಟ ಸರಿಯಾಗಿದೆ ಅಂತ ನನ್ನ ವೋಟು. ನಾನು, ಅಕ್ಕ, ಅಕ್ಕನ ಸ್ನೇಹಿತೆ ಗೈಡ್ ಜೊತೆ ಹೋಗಿದ್ದೆವು. ವಾಪಸ್ ಬರುವ ದಿನ ಕೆರೆ ಹತ್ತಿರ ಸಾಮಾನು ಕಟ್ಟಿಕೊಂಡು ಕೂತೆವು. ಮೋಡ ಬೆಟ್ಟದ ಅರ್ಧಕ್ಕೆ ಇಳಿದಿತ್ತು. ವಿಮಾನ ಬರಲಿಲ್ಲ. ಮಾರನೇ ದಿನವೂ ಇಲ್ಲ. ಈ ಪೈಲಟ್‌ಗಳು ಕಣ್ಣಿಗೆ ಕಂಡಂತೆ ಹಾರುವವರು. ಕಣಿವೆ ಕಾಣದಿದ್ದರೆ ಬರುವುದಿಲ್ಲ, ಬರಲೂಬಾರದು.

ನಮಗೆ ಗಾಬರಿ. ಗೈಡ್ ಹುಡುಗಿ ಮಾತ್ರ ಆರಾಮಾಗಿ ಟೆಂಟ್ ಮತ್ತೆ ಹಾಕಿಸಿದಳು. ಒಂದು ಡಬ್ಬ ತೆಗೆದು ತೋರಿಸಿದಳು. ಮೂರು ದಿನದ ಊಟ ಬೇರೆಯಾಗಿಯೇ ತಂದಿದ್ದಳು, ನಮಗೆ ಹೇಳಿರಲಿಲ್ಲ. ಹೇಳಿದ್ದರೆ ಮುಂಚೆಯೇ ತಿಂದು ಮುಗಿಸುತ್ತಿದ್ದೆವು ಅಂತ ಅವಳಿಗೆ ಗೊತ್ತಿತ್ತು ಅನಿಸುತ್ತದೆ. ದಿನಕ್ಕೆರಡು ಸಲ ಸ್ಯಾಟಲೈಟ್ ಮೆಸೇಜ್‌ನಲ್ಲಿ ಮೋಡ ಎಷ್ಟು ಎತ್ತರದಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಯಾವ ಬೆಟ್ಟದ ತುದಿ ಕಾಣುತ್ತಿದೆ ಅಂತ ಪೈಲಟ್‌ಗೆ ಕಳಿಸುತ್ತಿದ್ದಳು. ಅದನ್ನು ಹೇಗೆ ಹೇಳಬೇಕು ಅಂತ ನಮಗೆ ಗೊತ್ತಿರಲಿಲ್ಲ. ಮೋಡ ಒಡೆದ ಸ್ವಲ್ಪ ಹೊತ್ತಿಗೆ ವಿಮಾನ ಬಂತು.

ಇನ್ನೊಂದು. ಫೇರ್‌ಬ್ಯಾಂಕ್ಸ್‌ನಿಂದ ಮನೆಗೆ ಹೋಗುವ ಟಿಕೆಟ್ಟನ್ನು ಅದೇ ದಿನಕ್ಕೆ ಮಾಡಿಸಬೇಡಿ. ನಮ್ಮ ಜೊತೆ ಬೆಟಲ್ಸ್‌ನಲ್ಲಿ ಸಿಕ್ಕಿದ ಗಂಡಹೆಂಡತಿ ಅದೇ ವಿಷಯಕ್ಕೆ ಜಗಳ ಆಡುತ್ತಿದ್ದರು.

ಸುಮ್ನೆ_ಓದುಗ
ಐಫೋನ್‌ನಲ್ಲೇ ಈಗ ಸ್ಯಾಟಲೈಟ್ ಮೆಸೇಜ್ ಇದೆಯಲ್ಲ, ಬೇರೆ ಸಾಧನ ಯಾಕೆ?

ತಕ್ಕಡಿ
ಅದನ್ನು ನಂಬಿಕೊಂಡು ಅಲ್ಲಿಗೆ ಹೋಗಬೇಡಿ ಮಾರಾಯ್ರೆ. 62 ಡಿಗ್ರಿ ಅಕ್ಷಾಂಶಕ್ಕಿಂತ ಉತ್ತರದಲ್ಲಿ ಕೆಲಸ ಮಾಡದೇ ಇರಬಹುದು ಅಂತ ಆಪಲ್‌ನವರೇ ಹೇಳಿದ್ದಾರೆ. ಈ ಪಾರ್ಕ್ ಪೂರ್ತಿ 66 ಡಿಗ್ರಿಯಿಂದ ಆಚೆ ಇದೆ. ಇನ್‌ರೀಚ್ ಥರದ ಸ್ಯಾಟಲೈಟ್ ಮೆಸೇಜ್ ಸಾಧನ ಇರಿಡಿಯಂ ಉಪಗ್ರಹಗಳನ್ನು ಬಳಸುತ್ತದೆ. ಅವು ಧ್ರುವದ ಮೇಲೇ ಹಾದುಹೋಗುತ್ತವೆ, ಹಾಗಾಗಿ ಅಲ್ಲಿ ಸಿಗುತ್ತದೆ. ಕಡಿದಾದ ಕಣಿವೆಯಲ್ಲಿ ಮೆಸೇಜ್ ಹೋಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೇ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಳ್ಳಿ.

ಗಿರಿಜಾಪುತ್ರ
ಈ ವಿಮಾನ ಬರದ ವಿಷಯ ಬಂದಾಗ ಕಾರ್ಲ್ ಮೆಕ್ಯುನ್ ಕಥೆ ಹೇಳಲೇಬೇಕು. ಫೋಟೋಗ್ರಾಫರ್. 1981ರ ಮಾರ್ಚ್‌ನಲ್ಲಿ ಬ್ರೂಕ್ಸ್ ಶ್ರೇಣಿಯ ದಕ್ಷಿಣದ ಅಂಚಿನಲ್ಲಿ, ಕೋಲೀನ್ ನದಿ ಹತ್ತಿರದ ಒಂದು ಕೆರೆಗೆ ವಿಮಾನದಲ್ಲಿ ಹೋಗಿ ಇಳಿದ. 500 ರೋಲ್ ಫಿಲ್ಮ್ ಒಯ್ದಿದ್ದ. ಆಗಸ್ಟ್‌ನಲ್ಲಿ ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಅನ್ನುವುದನ್ನು ಖಚಿತ ಮಾಡಿಕೊಂಡಿರಲಿಲ್ಲ. ಬರುತ್ತಾರೆ ಅಂತ ಅಂದುಕೊಂಡಿದ್ದ, ಯಾರೂ ಬರಲಿಲ್ಲ.

ಹೊಟ್ಟೆ ಉರಿಯುವುದು ಇಲ್ಲಿ. ನಡುವೆ ಒಂದು ವಿಮಾನ ಅವನ ಮೇಲೆಯೇ ಹಾದುಹೋಯಿತು. ಇವನು ಖುಷಿಯಲ್ಲಿ ಒಂದು ಕೈ ಎತ್ತಿ ಬೀಸಿದ. ಒಂದು ಕೈ ಎತ್ತಿದರೆ ‘ಎಲ್ಲಾ ಸರಿ ಇದೆ, ಸಹಾಯ ಬೇಡ’ ಅಂತ ಸನ್ನೆ. ಪೈಲಟ್ ಹೊರಟುಹೋದ. ಅವನ ಬೇಟೆ ಲೈಸೆನ್ಸ್ ಹಿಂದೆಯೇ ಆ ಸನ್ನೆಗಳೆಲ್ಲ ಅಚ್ಚಾಗಿದ್ದವು. ಆಮೇಲೆ ಅದನ್ನು ನೋಡಿ ಡೈರಿಯಲ್ಲಿ ಬರೆದುಕೊಂಡಿದ್ದಾನೆ. ಹೆಣ ಸಿಕ್ಕಿದ್ದು 1982ರ ಫೆಬ್ರುವರಿಯಲ್ಲಿ.

ಸಹಾಯ ಬೇಕಿದ್ದರೆ ಎರಡೂ ಕೈ ಮೇಲೆತ್ತಬೇಕು. ನಿಮ್ಮ ಗುಂಪಿನ ನಾಲ್ಕು ಜನಕ್ಕೂ ಇದು ಗೊತ್ತಿರಲಿ.

ಕಲ್ಲುಹಾದಿ
ಅಯ್ಯೋ, ಇದನ್ನು ಮನೆಯಲ್ಲಿ ಓದಿ ಹೇಳುವ ಹಾಗೇ ಇಲ್ಲ.

ಭಾರ_ಕಮ್ಮಿ
ಅದು 1981. ಈಗ ಹಾಗೆ ಆಗುವುದಿಲ್ಲ. ವಿಮಾನ ಕಂಪನಿಯವರು ಯಾರನ್ನು ಎಲ್ಲಿ ಇಳಿಸಿದ್ದೇವೆ, ಯಾವಾಗ ತರಬೇಕು ಅಂತ ಬರೆದಿಟ್ಟುಕೊಂಡಿರುತ್ತಾರೆ. ಸುಮ್ನೆ ಹೆದರಿಸಬೇಡಿ.

ಗಿರಿಜಾಪುತ್ರ
ಹೆದರಿಸುತ್ತಿಲ್ಲ ತಮ್ಮಾ. ದಿನ, ಜಾಗ, ಬದಲಿ ಜಾಗ ಮೂರನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ ಅನ್ನುತ್ತಿದ್ದೇನೆ. ನನ್ನ ಪರಿಚಯದವರೊಬ್ಬರಿಗೆ ಒಂದು ವಿಮಾನದವರು ಬೇರೆ ಕೆರೆಗೆ ಹೋಗಿ ಕಾದಿದ್ದರು. ಕಂಪನಿ ಹೆಸರು ಬೇಡ. ಇನ್‌ರೀಚ್ ಇದ್ದಿದ್ದರಿಂದ ಅರ್ಧ ದಿನದಲ್ಲಿ ಸರಿಹೋಯಿತು.

ಮಳೆನಕ್ಷತ್ರ
ನದಿ ದಾಟುವುದರ ಬಗ್ಗೆ ಟಿಪ್ಸ್: ಬೆಳಿಗ್ಗೆ ಬೇಗ ದಾಟಿ. ರಾತ್ರಿ ಚಳಿಗೆ ಹಿಮ ಕರಗುವುದು ಕಮ್ಮಿ, ನೀರು ಇಳಿದಿರುತ್ತದೆ. ಅಲಾಸ್ಕಾದಲ್ಲೇ ಡೆನಾಲಿ ಪರ್ವತದ ಕಡೆ ನಾವು ಹೀಗೇ ಮಾಡಿದ್ದು.

ನದಿದಾಟು
@ಮಳೆನಕ್ಷತ್ರ ಮೇಡಂ, ಡೆನಾಲಿಗೆ ಸರಿ. ಅಲ್ಲಿ ದೊಡ್ಡ ದೊಡ್ಡ ಗ್ಲೇಸಿಯರ್ ಇವೆ. ಬ್ರೂಕ್ಸ್ ಶ್ರೇಣಿಯಲ್ಲಿ ಇರುವುದು ಚಿಕ್ಕವು, ಅವೂ ಅಲ್ಲಲ್ಲಿ. ಇಲ್ಲಿ ನದಿ ಏರುವುದು ಬಹುಪಾಲು ಮಳೆಯಿಂದ. ನೆಲದ ಕೆಳಗೆ ಪರ್ಮಾಫ್ರಾಸ್ಟ್, ಅಂದರೆ ವರ್ಷಪೂರ್ತಿ ಹೆಪ್ಪುಗಟ್ಟಿದ ಮಣ್ಣು. ಮಳೆ ನೀರು ಇಂಗುವುದಕ್ಕೆ ಜಾಗವೇ ಇಲ್ಲ, ಬಿದ್ದದ್ದೆಲ್ಲ ಹರಿದು ತೊರೆಗೆ ಬರುತ್ತದೆ. ಮಧ್ಯಾಹ್ನ ಪಾದ ಮುಳುಗುವಷ್ಟಿದ್ದ ತೊರೆ ರಾತ್ರಿ ಮಳೆ ಸುರಿದರೆ ಬೆಳಿಗ್ಗೆ ತೊಡೆ ತನಕ ಬಂದಿರುತ್ತದೆ. ಇಲ್ಲಿ ‘ಬೆಳಿಗ್ಗೆ ಬೇಗ’ ಅನ್ನುವ ಲೆಕ್ಕ ಎಷ್ಟೋ ಸಲ ನಡೆಯುವುದಿಲ್ಲ. ಒಳ್ಳೆಯ ಸುದ್ದಿ ಏನಂದರೆ ಮಳೆ ನಿಂತರೆ ಇಳಿಯುವುದೂ ಅಷ್ಟೇ ಬೇಗ. ಕಾಯುವ ತಾಳ್ಮೆ ಇರಬೇಕು, ಕಾಯಲು ಊಟ ಇರಬೇಕು.

ಇದೇ ಕಾರಣಕ್ಕೆ ಜಲ್ಲಿ ದಂಡೆಯ ಮೇಲೆ ಟೆಂಟ್ ಹಾಕುವಾಗ ನೀರಿಗೆ ಹತ್ತಿರ ಹಾಕಬೇಡಿ. ಸಮತಟ್ಟಾಗಿದೆ, ಗಾಳಿಗೆ ಸೊಳ್ಳೆಯೂ ಕಮ್ಮಿ, ಎಲ್ಲಾ ನಿಜ. ಮಲಗುವ ಮುಂಚೆ ನೀರಿನ ಅಂಚಿಗೆ ಒಂದು ಕೋಲು ನೆಟ್ಟು ಮಲಗಿ. ಎದ್ದಾಗ ಕೋಲು ನೀರಿನ ನಡುವೆ ಇದ್ದರೆ ಜಾಗ ಖಾಲಿ ಮಾಡಿ.

ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಲಿ. ಒಂದೇ ಧಾರೆಯಾಗಿ ಹರಿಯುವ ಕಡೆ ಬೇಡ, ಕವಲೊಡೆದು ಅಗಲವಾಗಿ ಹರಿಯುವ ಕಡೆ ದಾಟಿ. ಬರಿಗಾಲಲ್ಲಿ ಖಂಡಿತ ಬೇಡ.

ಮಳೆನಕ್ಷತ್ರ
ಓಹ್, ಪರ್ಮಾಫ್ರಾಸ್ಟ್ ಯೋಚನೆಯೇ ಬರಲಿಲ್ಲ. ಥ್ಯಾಂಕ್ಸ್. ಸೊಂಟದ ಪಟ್ಟಿ ಮಾತ್ರ ಎಲ್ಲಾ ಕಡೆಗೂ ಒಂದೇ ಅಲ್ವಾ.

ಬಾಲಂಗೋಚಿ
ಎತ್ತರಕ್ಕೆ ಹೋದರೆ ತಲೆನೋವು ಬರುತ್ತದಲ್ಲ, ಆ ಮಾತ್ರೆ ತೆಗೆದುಕೊಂಡು ಹೋಗಬೇಕಾ? ನಾನೂ ಪ್ಲಾನ್ ಮಾಡುತ್ತಿದ್ದೇನೆ.

ಹಳೇಬೂಟು
ಬೇಡ. ಇಡೀ ಬ್ರೂಕ್ಸ್ ಶ್ರೇಣಿಯಲ್ಲಿ ಎಲ್ಲಕ್ಕಿಂತ ಎತ್ತರದ ಮೌಂಟ್ ಇಸ್ಟೋ ಕೂಡ 9,000 ಅಡಿ ಮುಟ್ಟುವುದಿಲ್ಲ. ಅದು ಇರುವುದೂ ಪೂರ್ವಕ್ಕೆ ದೂರದಲ್ಲಿ. ನೀವು ಟೆಂಟ್ ಹಾಕುವ ಕಣಿವೆಗಳು ತುಂಬಾ ತಗ್ಗಿನಲ್ಲಿವೆ. ಇಲ್ಲಿ ಕಾಡುವುದು ಒದ್ದೆ ಮತ್ತು ಚಳಿ. ಆಗಸ್ಟ್‌ನಲ್ಲೂ ಹಿಮ ಬೀಳಬಹುದು. ಮಲಗುವುದಕ್ಕೆ ಅಂತ ಒಂದು ಜೊತೆ ಬಟ್ಟೆ, ಸಾಕ್ಸ್ ಒಣದಾಗಿ ಬೇರೆ ಇಟ್ಟುಕೊಳ್ಳಿ. ಹಗಲು ಏನೇ ಆದರೂ ಅದನ್ನು ಹಾಕಬೇಡಿ.

ಕೋವಿಬೇಡ
ಗೈಡ್‌ಗಳು ಬಂದೂಕು ತರುತ್ತಾರಾ? ಗ್ರಿಜ್ಲಿ ಕರಡಿ ಇರುವ ಜಾಗ ಅಂತ ಓದಿದೆ.

ತಕ್ಕಡಿ
ಕೆಲವರು ತರುತ್ತಾರೆ, ಹಲವರು ತರುವುದಿಲ್ಲ. ಕಾನೂನಿನ ಪ್ರಕಾರ 2010ರಿಂದ ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲಿ ಆಯಾ ರಾಜ್ಯದ ನಿಯಮದಂತೆ ಇಟ್ಟುಕೊಳ್ಳಬಹುದು. ಆದರೆ ಸ್ಪ್ರೇ ಬಗ್ಗೆ ಅಲಾಸ್ಕಾದಲ್ಲೇ ಮಾಡಿದ ಅಧ್ಯಯನ ಇದೆ, 2008ರಲ್ಲಿ ಬಂದದ್ದು. 1985ರಿಂದ 2006ರ ತನಕದ 83 ಪ್ರಕರಣ ನೋಡಿದ್ದಾರೆ. ಕಂದು ಕರಡಿಗಳ (ಗ್ರಿಜ್ಲಿಯೂ ಇದೇ ಜಾತಿ) ಮೇಲೆ ಬಳಸಿದಾಗ 92% ಸಲ ಕರಡಿ ತನ್ನ ಆಟ ನಿಲ್ಲಿಸಿದೆ. ಗುರಿ ಇಟ್ಟು ಹೊಡೆಯುವ ಅಭ್ಯಾಸ ಇಲ್ಲದವರ ಕೈಗೆ ಕೋವಿಗಿಂತ ಇದೇ ವಾಸಿ. ಸ್ಪ್ರೇ ಬ್ಯಾಗ್ ಒಳಗೆ ಇಡಬೇಡಿ, ಬೆಲ್ಟಿನಲ್ಲಿರಲಿ.

ಉತ್ತರಮುಖಿ
ಊಟಕ್ಕೆ ಕರಡಿ ಡಬ್ಬ ಕಡ್ಡಾಯ. ಗಟ್ಟಿ ಪ್ಲಾಸ್ಟಿಕ್‌ನದು, ತಿರುಗಿಸಿ ತೆಗೆಯುವ ಮುಚ್ಚಳ. ಪಾರ್ಕ್‌ನವರು ಬೆಟಲ್ಸ್‌ನಲ್ಲೂ ಫೇರ್‌ಬ್ಯಾಂಕ್ಸ್‌ನಲ್ಲೂ ಪುಕ್ಕಟೆಯಾಗಿ ಕೊಡುತ್ತಾರೆ, ವಾಪಸ್ ಕೊಟ್ಟರಾಯಿತು. ಬಹುತೇಕ ಕಡೆ ಡಬ್ಬ ತೂಗುಹಾಕೋಣ ಅಂದರೆ ಮರವೇ ಇಲ್ಲ. ಟೂತ್‌ಪೇಸ್ಟ್, ಲಿಪ್‌ಬಾಮ್, ಸೊಳ್ಳೆ ಕ್ರೀಮ್ ಎಲ್ಲಾ ಅದರೊಳಗೆ. ಅಡುಗೆ, ಊಟ, ಡಬ್ಬ ಇಡುವುದು ಟೆಂಟ್‌ನಿಂದ ನೂರು ಗಜ ದೂರ.

ಹೊಸಬರಿಗೆ ಇದರಲ್ಲಿ ಒಂದು ಕಷ್ಟ ಇದೆ. ಹತ್ತು ದಿನದ ಊಟ, ಮೇಲೆ ಮೂರು ದಿನದ್ದು, ಒಂದು ಡಬ್ಬದಲ್ಲಿ ಹಿಡಿಸುವುದಿಲ್ಲ. ನಮ್ಮ ಗೈಡ್ ಕೆರೆ ಹತ್ತಿರ ಒಂದಷ್ಟು ಡಬ್ಬ ಬಿಟ್ಟು, ಉಳಿದದ್ದು ಹೊತ್ತುಕೊಂಡು ಒಂದು ಸುತ್ತು ಹೋಗಿ ಬಂದು, ಮತ್ತೆ ತುಂಬಿಸಿಕೊಂಡು ಇನ್ನೊಂದು ಕಣಿವೆಗೆ ಕರೆದುಕೊಂಡು ಹೋದಳು.

ಸುಮ್ನೆ_ಓದುಗ
ವೆಜಿಟೇರಿಯನ್ ಊಟ ಕೊಡುತ್ತಾರಾ?

ಉತ್ತರಮುಖಿ
ಮುಂಚೆ ಹೇಳಿದರೆ ಕೊಡುತ್ತಾರೆ. ಅಲ್ಲಿ ಹೋಗಿ ಹೇಳಿದರೆ ಅಂಗಡಿ ಇಲ್ಲ.

ಭಾರ_ಕಮ್ಮಿ
ವಿಮಾನವೇ ಬೇಡ ಅನ್ನುವವರಿಗೂ ಒಂದು ದಾರಿ ಇದೆ. ಡಾಲ್ಟನ್ ಹೈವೇ ಪಾರ್ಕ್‌ನ ಪೂರ್ವದ ಗಡಿಯಿಂದ ಐದೇ ಮೈಲಿ ದೂರದಲ್ಲಿ ಹಾದುಹೋಗುತ್ತದೆ. 1974ರಲ್ಲಿ ಎಣ್ಣೆ ಪೈಪ್‌ಲೈನ್‌ಗೋಸ್ಕರ ಮಾಡಿದ ರಸ್ತೆ. ಆ ರಸ್ತೆಯ ಮೇಲಿರುವ ಕೋಲ್ಡ್‌ಫುಟ್ ತನಕ ಗಾಡಿಯಲ್ಲಿ ಹೋಗಿ ಅಲ್ಲಿಂದ ನಡೆದು ಪಾರ್ಕ್ ಒಳಗೆ ಹೋಗಬಹುದು. ಇಲ್ಲ ಅಂದರೆ ಅನಕ್ಟುವುಕ್ ಪಾಸ್ ಹಳ್ಳಿಗೆ ದಿನದ ವಿಮಾನದಲ್ಲಿ ಸೀಟು ತೆಗೆದುಕೊಂಡು ಹೋಗಿ ಅಲ್ಲಿಂದ ನಡೆಯಿರಿ. ಇಡೀ ವಿಮಾನದ ಬಾಡಿಗೆ ಉಳಿಯುತ್ತದೆ. ಖಾಸಗಿಯಾಗಿ ಹೋಗುವವರಿಗೆ ಪಾರ್ಕ್‌ನವರ ಫೀಸೂ ಇಲ್ಲ, ಪರ್ಮಿಟ್ಟೂ ಇಲ್ಲ.

ಹಳೇಬೂಟು
ಇದು ನಿಜ. ಒಳ್ಳೆಯ ಸಲಹೆ. ಅನಕ್ಟುವುಕ್ ಪಾಸ್ ಅಲ್ಲಿನ ಮೂಲನಿವಾಸಿ ನುನಾಮಿಯುತ್ ಜನರ ಊರು, ಸುತ್ತಲಿನ ಜಮೀನು ತುಂಬಾ ಅವರದ್ದೇ. ಎಲ್ಲೆಂದರಲ್ಲಿ ಟೆಂಟ್ ಹಾಕದೆ ಕೇಳಿಕೊಂಡು ಹಾಕಿ. ಆದರೆ ಅಲ್ಲಿಂದ ಆರಿಗೆಚ್‌ಗೆ ನಡೆದು ಹೋಗಿ ಬರುತ್ತೇನೆ ಅಂದರೆ ಹತ್ತು ದಿನದಲ್ಲಿ ಆಗುವ ಮಾತಲ್ಲ. ಆ ಗ್ರಾನೈಟ್ ಗೋಡೆಗಳನ್ನು ನೋಡಬೇಕು ಅಂತಿದ್ದರೆ ಸರ್ಕಲ್ ಲೇಕ್ ಅಥವಾ ತಕಹುಲಾ ಲೇಕ್‌ನಲ್ಲಿ ಇಳಿಯುವುದೇ ದಾರಿ.

ಕಲ್ಲುಹಾದಿ
ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದೆವು. ಗೈಡ್ ಜೊತೆಗೇ ಹೋಗುವುದು ಅಂತ ಆಗಿದೆ, ಭಾವಮೈದ ಇನ್ನೂ ಗೊಣಗುತ್ತಿದ್ದಾನೆ. ಬುಕ್ ಮಾಡುವ ಮುಂಚೆ ಕಂಪನಿಯವರನ್ನು ಏನೇನು ಕೇಳಬೇಕು?

ಗಿರಿಜಾಪುತ್ರ
ಪಾರ್ಕ್‌ನಲ್ಲಿ ಗೈಡ್ ಕೆಲಸ ಮಾಡಲು ಅವರಿಗೆ ಪಾರ್ಕ್‌ನ ವ್ಯಾಪಾರಿ ಪರವಾನಗಿ ಇರಬೇಕು, ಇದೆಯಾ ಕೇಳಿ. ಹವಾಮಾನದಿಂದ ತಡವಾದರೆ ಮೇಲಿನ ದಿನಗಳ ಖರ್ಚು ಯಾರದ್ದು ಕೇಳಿ. ಜಗಳ ಆಗುವುದು ಅಲ್ಲೇ. ಬದಲಿ ಕೆರೆ ಯಾವುದು? ಗೈಡ್‌ಗೆ ಕಾಡಿನಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯಾ? ಗುಂಪಿನ ಸಾಮಾನು ನಿಮ್ಮ ಬೆನ್ನಿಗೆ ಎಷ್ಟು ಪೌಂಡ್ ಬರುತ್ತದೆ? ಗೈಡ್ ಇದ್ದಾನೆ ಅಂದರೆ ಎಲ್ಲಾ ಅವನೇ ಹೊರುತ್ತಾನೆ ಅಂತ ಕೆಲವರು ಅಂದುಕೊಂಡು ಬರುತ್ತಾರೆ. ಇಲ್ಲ, ಅಡುಗೆ ಪಾತ್ರೆ ನಿಮ್ಮ ಬ್ಯಾಗಿನಲ್ಲೂ ಇರುತ್ತದೆ. ಇನ್ಶೂರೆನ್ಸ್‌ನಲ್ಲಿ ಹೆಲಿಕಾಪ್ಟರ್‌ನಲ್ಲಿ ಎತ್ತಿಕೊಂಡು ಬರುವುದು ಸೇರಿದೆಯಾ ನೋಡಿ.

ಭಾರ_ಕಮ್ಮಿ
ನಿಮ್ಮ ಭಾವಮೈದನ ನಂಬರ್ ಕೊಡಿ, ನಾವಿಬ್ಬರೂ ಅನಕ್ಟುವುಕ್‌ನಿಂದ ನಡೆಯುತ್ತೇವೆ.

ಕಲ್ಲುಹಾದಿ
😂 ಅವನ ಅಕ್ಕನನ್ನು ಕೇಳಿ ಹೇಳುತ್ತೇನೆ.

ಬಾಲಂಗೋಚಿ
ಯಾವ ತಿಂಗಳು ಒಳ್ಳೆಯದು? ಜೂನ್‌ನಲ್ಲಿ ರಜೆ ಸಿಗುತ್ತದೆ ನನಗೆ.

ನದಿದಾಟು
ಜೂನ್ ಮೂರನೇ ವಾರದ ಆಸುಪಾಸು ಸೂರ್ಯ ಮುಳುಗುವುದೇ ಇಲ್ಲ. ರಾತ್ರಿ ಹನ್ನೊಂದಕ್ಕೂ ನಡೆಯಬಹುದು, ಅವಸರ ಇರುವುದಿಲ್ಲ. ನಿದ್ದೆಗೆ ಕಣ್ಣಿನ ಪಟ್ಟಿ ಬೇಕು. ಜೂನ್ ಕೊನೆಯಿಂದ ಜುಲೈ ಪೂರ್ತಿ ಸೊಳ್ಳೆ. ತಲೆಗೆ ಹಾಕುವ ಬಲೆ ಇಲ್ಲದೆ ಹೋಗಬೇಡಿ. ಡೀಟ್ (ಸೊಳ್ಳೆ ಓಡಿಸುವ ರಾಸಾಯನಿಕ) ಹಚ್ಚಿದ ಕೈಯಲ್ಲಿ ಕನ್ನಡಕ, ವಾಚ್, ಕ್ಯಾಮೆರಾ ಮುಟ್ಟಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಆಗಸ್ಟ್ ನಡುವಿನಿಂದ ಸೊಳ್ಳೆ ಕಮ್ಮಿ, ಟಂಡ್ರಾ (ಮರಗಳಿಲ್ಲದ ಬಯಲು) ಕೆಂಪಾಗುತ್ತದೆ, ಮಳೆ ಮಾತ್ರ ಜಾಸ್ತಿ.

ಸುಮ್ನೆ_ಓದುಗ
ಒಟ್ಟಿನಲ್ಲಿ ಸೊಳ್ಳೆ ಇಲ್ಲಾ ಮಳೆ. ನಾನು ಮೊದಲೇ ಹೇಳಿದೆ.

ಬಾಲಂಗೋಚಿ
ಜೂನ್ ಮೊದಲ ವಾರ ಆದರೆ?

ನದಿದಾಟು
ಎತ್ತರದ ಕೆರೆಗಳ ಮೇಲೆ ಆಗ ಇನ್ನೂ ಐಸ್ ಇರಬಹುದು. ಫ್ಲೋಟ್ ವಿಮಾನ ಇಳಿಯುವುದು ಎಲ್ಲಿ? ರಜೆ ಹಾಕುವ ಮುಂಚೆ ಬೆಟಲ್ಸ್‌ನ ವಿಮಾನದವರಿಗೆ ಫೋನ್ ಮಾಡಿ, ಕೆರೆ ಯಾವಾಗ ಬಿಡುತ್ತದೆ ಅಂತ ಅವರಿಗೇ ಗೊತ್ತಿರುತ್ತದೆ.